ತಲೆಯ ಬಳಿ ನಿಲ್ಲುವ ಕೆಲಸ

ಗಾಜಿನ ಬಾಗಿಲಿಗೆ ಅಂಟಿಸಿದ್ದ ಚಿತ್ರದಲ್ಲಿ ಬಿಳಿ ಕೋಟು ತೊಟ್ಟ ಹೆಂಗಸೊಬ್ಬಳು ಸ್ಟೆತಸ್ಕೋಪನ್ನು ಉಲ್ಟಾ ಸಿಕ್ಕಿಸಿಕೊಂಡು ನಗುತ್ತಿದ್ದಳು. ಅದನ್ನು ಕಂಡದ್ದೇ ಅವನ ಜೀವಕ್ಕೆ ಹಿತವಾಯಿತು. ಒಳಗೆ ಕಾಲಿಡುವ ಮೊದಲೇ ಒಂದು ತಪ್ಪು ಸಿಕ್ಕಿತ್ತು. ಮಿಕ್ಕವು ತಾವಾಗಿಯೇ ಬಂದು ಕೈಗೆ ಬೀಳುತ್ತವೆ. ‘ನೋಡಿದ್ಯಾ?’ ಎಂದು ಹೆಂಡತಿಗೆ ತೋರಿಸಿದ. ‘ಕಿವಿಗೆ ಹಾಕ್ಕೊಳೋದು ಹೇಗೆ ಅಂತ ಗೊತ್ತಿಲ್ಲದವರು ಅನಸ್ತೇಶಿಯಾ ಕಲಿಸ್ತಾರಂತೆ.’ ಅವಳು ಚಿತ್ರವನ್ನು ನೋಡಿದಳು, ಅದರ ಕೆಳಗೆ ದಪ್ಪ ಅಕ್ಷರದಲ್ಲಿದ್ದ ‘ಕೈಗೆಟುಕುವ ಶುಲ್ಕ, ಖಚಿತ ಕೆಲಸ’ ಎಂಬುದನ್ನೂ ಓದಿದಳು, ಬಾಗಿಲು ತಳ್ಳಿದಳು. ಅದು ಎಳೆಯಬೇಕಾದ ಬಾಗಿಲು. ಅದಕ್ಕೂ ಅವನು ನಕ್ಕ.

ಅವಳಿಗೊಂದು ಕೋರ್ಸು ಹುಡುಕುತ್ತಾ ಶನಿವಾರಗಳನ್ನು ಹೀಗೆ ಕಳೆಯತೊಡಗಿ ಕೆಲವು ತಿಂಗಳಾಗಿತ್ತು. ಮೊದಲು ನೋಡಿದ ಕಾಲೇಜು ಮಂಚ ಕುರ್ಚಿ ಮಾರುವ ಅಂಗಡಿಯ ಮಹಡಿಯಲ್ಲಿತ್ತು. ಮೆಟ್ಟಿಲು ಹತ್ತುವಷ್ಟರಲ್ಲಿ ವಾರ್ನಿಶ್ ವಾಸನೆಗೇ ತಲೆ ಧಿಮ್ಮೆನ್ನುತ್ತಿತ್ತು, ‘ಇವರಿಗೆ ಬೇರೆ ಅರಿವಳಿಕೆ ಯಾಕೆ ಬೇಕು’ ಎಂದು ಅವನು ತಮಾಷೆ ಮಾಡಿದ್ದ. ಅದರ ಮುಂದಿನದಕ್ಕೆ ಫೀಸು ಬಲು ಕಡಿಮೆ, ಆದರೆ ಅದು ಕಣ್ಣಿನ ಆಸ್ಪತ್ರೆ. ಕಣ್ಣಿಗೆ ಹನಿ ಹಾಕಿ ಕೆಲಸ ಮುಗಿಸುತ್ತಿದ್ದರೇ ಹೊರತು ಯಾರನ್ನೂ ನಿದ್ದೆಗೆ ಕಳಿಸುತ್ತಿರಲಿಲ್ಲ. ಇನ್ನೊಂದು ಕಡೆ ಆಪರೇಶನ್ ಥಿಯೇಟರುಗಳ ಸಾಲೇ ಇತ್ತು, ಆದರೆ ಫೀಸು ಎಷ್ಟೆಂದು ಕೇಳಿಸಿಕೊಂಡ ಅವಳು ಕೈಲಿದ್ದ ನೀರಿನ ಲೋಟವನ್ನು ಕುಡಿಯದೆ ಮೆಲ್ಲಗೆ ಕೆಳಗಿಟ್ಟಿದ್ದಳು. ಅಷ್ಟು ಕೊಟ್ಟು ಸೇರಿದವರು ವರ್ಷವಿಡೀ ಟ್ರಾಲಿ ತಳ್ಳುತ್ತಾ ಓಡಾಡುವುದನ್ನು ಅವನು ಕಣ್ಣಾರೆ ಕಂಡಿದ್ದ. ಎಲ್ಲ ಕಡೆಯೂ ಅವನೇ ಮಾತಾಡುವವನು. ಎಷ್ಟು ಥಿಯೇಟರು, ದಿನಕ್ಕೆ ಎಷ್ಟು ಕೇಸು, ಕಲಿಸುವವರು ನಿಜಕ್ಕೂ ಬರುತ್ತಾರೋ ಅಥವಾ ಬೋರ್ಡಿನ ಮೇಲಷ್ಟೇ ಇರುತ್ತಾರೋ, ಕಲಿತು ಹೋದವರು ಈಗ ಎಲ್ಲಿದ್ದಾರೆ, ಒಬ್ಬರ ಫೋನ್ ನಂಬರ್ ಕೊಡಿ. ಎದುರಿಗಿದ್ದವರು ತಡವರಿಸುವಾಗ ಅವನು ಕಾಲ ಮೇಲೆ ಕಾಲು ಹಾಕಿಕೊಳ್ಳುತ್ತಿದ್ದ. ಹೊರಗೆ ಬಂದ ಮೇಲೆ, ‘ನೋಡು, ನಾನೇನು ನಿನ್ನ ಕಲೀಬೇಡ ಅಂತಿಲ್ಲ. ಆದ್ರೆ ದುಡ್ಡು ಕೊಟ್ಟು ಟೋಪಿ ಹಾಕಿಸ್ಕೊಳೋದಾ?’ ಎನ್ನುತ್ತಿದ್ದ. ಅವನು ಹೇಳುವುದರಲ್ಲಿ ಒಂದೂ ಸುಳ್ಳಿರುತ್ತಿರಲಿಲ್ಲ. ಅದೇ ಅವನಿಗೆ ನೆಮ್ಮದಿ.

ಅವನು ಆಪರೇಶನ್ ಥಿಯೇಟರಿಗೆ ಬೇಕಾಗುವ ಮಾಸ್ಕು, ಟ್ಯೂಬು, ಉಸಿರಿನ ಚೀಲಗಳನ್ನು ಮಾರುವ ಕಂಪನಿಯ ಪ್ರತಿನಿಧಿ. ಕೂದಲು ಪೂರ್ತಿ ಕಪ್ಪಗಿದ್ದ ದಿನಗಳಿಂದ ಆಸ್ಪತ್ರೆಗಳ ಓಣಿಗಳಲ್ಲಿ ಕಪ್ಪು ಬ್ಯಾಗು ಹಿಡಿದು ನಿಂತವನು. ಥಿಯೇಟರಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಹೊರಗಿನವರು ದಾಟಬಾರದ ಕೆಂಪು ಗೆರೆಯಾಚೆ ಹೋಗುವವರನ್ನೆಲ್ಲ ಅವನು ಬಲ್ಲ: ಯಾವ ಡಾಕ್ಟರು ಕೇಸಿನ ನಡುವೆ ಶೇರು ಮಾರುಕಟ್ಟೆ ನೋಡುತ್ತಾರೆ, ಯಾವ ನರ್ಸು ಯಾರ ಮೇಲೆ ಮುನಿಸಿಕೊಂಡಿದ್ದಾಳೆ, ಯಾವ ಅಸಿಸ್ಟೆಂಟು ಯಂತ್ರ ಪರೀಕ್ಷಿಸದೆಯೇ ಪರೀಕ್ಷಿಸಿದೆ ಎಂದು ಸಹಿ ಹಾಕುತ್ತಾನೆ. ಅವರೆಲ್ಲರನ್ನೂ ಅವನು ಒಂದೇ ಸಮನಾಗಿ ಹಗುರಾಗಿ ಕಾಣುತ್ತಿದ್ದ. ಎದುರಿಗೆ ಹಲ್ಲು ಕಿರಿದು ‘ಗುಡ್ ಮಾರ್ನಿಂಗ್ ಸರ್’ ಎಂದು, ಬೆನ್ನು ತಿರುಗಿದ ಮೇಲೆ ಮನಸ್ಸಿನಲ್ಲೇ ಒಬ್ಬೊಬ್ಬರನ್ನೂ ಬಟ್ಟೆ ಬಿಚ್ಚಿ ನಿಲ್ಲಿಸುವುದು ಅವನಿಗೆ ರೂಢಿಯಾಗಿತ್ತು. ಡಾಕ್ಟರಾಗಬೇಕೆಂದು ತಾನೂ ಒಂದು ಕಾಲಕ್ಕೆ ಪರೀಕ್ಷೆ ಬರೆದು, ಸೀಟು ಸಿಗದೆ, ಅಪ್ಪನ ಮುಖ ನೋಡಲಾರದೆ ಮಹಡಿಯ ಮೇಲೆ ನೀರಿನ ತೊಟ್ಟಿಯ ಹಿಂದೆ ಇಡೀ ಮಧ್ಯಾಹ್ನ ಕೂತಿದ್ದನ್ನು ಅವನು ಯಾರಿಗೂ ಹೇಳಿರಲಿಲ್ಲ. ಅವಳಿಗೂ.

ಅವಳು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದವರ ತೋಳಿಗೆ ಸೂಜಿ ಚುಚ್ಚುವ ಕೆಲಸದಲ್ಲಿದ್ದಳು. ಹೋದ ವರ್ಷ ಮಗಳ ಗಂಟಲಿನ ಗಡ್ಡೆ ತೆಗೆಸಿದಾಗ, ಮಗುವನ್ನು ಥಿಯೇಟರಿನ ಒಳಕ್ಕೆ ಎತ್ತಿಕೊಂಡು ಹೋದ ಹೆಂಗಸು ಡಾಕ್ಟರಲ್ಲ, ನರ್ಸಲ್ಲ, ಅರಿವಳಿಕೆಯ ಅಸಿಸ್ಟೆಂಟ್ ಎಂದು ಗೊತ್ತಾಗಿತ್ತು. ಆಪರೇಶನ್ ಮುಗಿಯುವವರೆಗೂ ಮಗುವಿನ ತಲೆಯ ಬಳಿ ನಿಂತದ್ದು ತಾನೇ, ಒಂದು ಕ್ಷಣವೂ ಕೈ ತೆಗೆದಿಲ್ಲ ಎಂದು ಆಕೆ ಆಮೇಲೆ ಬಂದು ಹೇಳಿದ್ದಳು. ಆ ವಾರವೇ ಪಾತ್ರೆ ತೊಳೆಯುತ್ತಾ ಇವಳು, ‘ನಾನು ಆ ಕೆಲಸ ಕಲೀತೀನಿ’ ಎಂದಿದ್ದಳು. ಅವನು ಪೇಪರಿನಿಂದ ತಲೆ ಎತ್ತದೆ, ‘ಈ ವಯಸ್ಸಲ್ಲಾ?’ ಎಂದಿದ್ದ. ‘ಹೂಂ, ಈ ವಯಸ್ಸಲ್ಲೇ.’ ಅವಳು ಹಟ ಹಿಡಿದು ಅತ್ತಿದ್ದರೆ, ಕೂಗಾಡಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಅವಳು ಲೋಟವನ್ನು ಬೋರಲು ಹಾಕಿ ಕೈ ಒರೆಸಿಕೊಂಡಳು, ಅಷ್ಟೆ. ಆಗ ಅವನಿಗೆ ಯಾಕೋ ದಿಗಿಲಾಗಿ, ‘ಸರಿ, ಹುಡುಕೋಣ. ನನಗೆ ಬಿಡು. ನನಗೆ ಗೊತ್ತಿಲ್ಲದ ಆಸ್ಪತ್ರೆ ಯಾವುದಿದೆ?’ ಎಂದುಬಿಟ್ಟಿದ್ದ.

ಒಳಗೆ ಸೋಫಾದ ಮೇಲೆ ಅವರಂತೆಯೇ ಕಾಯುತ್ತಿದ್ದವರು ನಾಲ್ಕೈದು ಜನ. ಮಗನ ಅಂಕಪಟ್ಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಎದೆಗವಚಿಕೊಂಡ ಅಪ್ಪ, ಪಕ್ಕದಲ್ಲಿ ಆಕಳಿಸುವ ಮಗ. ಅವನಿಗೆ ಆ ಅಪ್ಪನನ್ನು ಕಂಡು ಮೈ ಉರಿಯಿತು. ಈ ಜನ ಇರುವುದರಿಂದಲೇ ಇಂಥ ಗಾಜಿನ ಕಟ್ಟಡಗಳು ಏಳುತ್ತವೆ. ಯಾರು ಏನೆಂದರೂ ತಲೆಯಾಡಿಸಿ, ಕೇಳಿದಷ್ಟು ಕೊಟ್ಟು, ಮೇಲೆ ಕೈ ಬೇರೆ ಮುಗಿದು ಹೋಗುತ್ತಾರೆ. ಆ ಅಪ್ಪ ಅವಳ ಕಡೆ ಬಾಗಿ, ‘ಇಲ್ಲಿ ಚೆನ್ನಾಗಿದ್ಯೇನಮ್ಮಾ?’ ಎಂದು ಕೇಳಿದ. ಅವಳು, ‘ಗೊತ್ತಿಲ್ಲ, ನಾವೂ ನೋಡೋಕೆ ಬಂದಿದೀವಿ. ಆಪರೇಶನ್ ಎಲ್ಲಿ ತೋರಿಸ್ತಾರೆ ಅಂತ ಮೊದಲು ಕೇಳಿ’ ಎಂದಳು. ಅದು ತನ್ನ ಪ್ರಶ್ನೆ. ತನ್ನಿಂದ ಕಲಿತು ತನ್ನೆದುರಿಗೇ ಇನ್ನೊಬ್ಬರಿಗೆ ದಾನ ಮಾಡುತ್ತಿದ್ದಾಳೆ ಎಂದು ಅವನಿಗೆ ಕಿರಿಕಿರಿಯಾಯಿತು.

ನಿರ್ದೇಶಕರ ಕೋಣೆಯಲ್ಲಿ ಏಸಿ ಹಲ್ಲು ಕಟಗುಟ್ಟುವಷ್ಟು ಜೋರಾಗಿತ್ತು. ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಶ್ವಾಸಕೋಶದ ಮಾದರಿ. ಅದರ ಒಂದು ಭಾಗ ಕಳಚಿಹೋಗಿ, ಆ ಜಾಗದಲ್ಲಿ ಪೆನ್ನುಗಳನ್ನು ಚುಚ್ಚಿಟ್ಟಿದ್ದರು. ಇದನ್ನು ಮನೆಗೆ ಹೋಗುವಾಗ ಹೇಳಿ ನಗಬೇಕೆಂದು ಅವನು ಎತ್ತಿಟ್ಟುಕೊಂಡ.

‘ಬನ್ನಿ, ಕೂತ್ಕೊಳ್ಳಿ. ಕೋರ್ಸು ಯಾರಿಗೆ, ಮಗಳಿಗಾ?’ ಎಂದರು ನಿರ್ದೇಶಕರು ಫೋನಿನಿಂದ ಕಣ್ಣು ತೆಗೆಯದೆ.

‘ನನಗೇ,’ ಎಂದಳು ಅವಳು.

‘ಓ! ಬಹಳ ಸಂತೋಷ. ಕಲಿಯೋಕೆ ವಯಸ್ಸೇನು ಬಂತು?’

ಅವನು ಮುಂದಕ್ಕೆ ಸರಿದು ಕೂತ. ‘ನಿಮ್ಮಲ್ಲಿ ಥಿಯೇಟರು ಎಷ್ಟಿದೆ?’

‘ನಮಗೆ ದೊಡ್ಡ ದೊಡ್ಡ ಆಸ್ಪತ್ರೆಗಳ ಜೊತೆ ಒಪ್ಪಂದ ಇದೆ.’

‘ಯಾವ ಆಸ್ಪತ್ರೆ? ಒಂದು ಹೇಳಿ ಸಾಕು. ನಾನು ಎಲ್ಲ ಕಡೆ ಓಡಾಡೋನು, ನಿಮ್ಮ ಹುಡುಗರನ್ನ ಒಬ್ಬರನ್ನೂ ಕಂಡಿಲ್ಲ.’

ನಿರ್ದೇಶಕರು ಫೋನು ಕೆಳಗಿಟ್ಟು ಈಗ ನೇರವಾಗಿ ನೋಡಿದರು. ಅವರ ಮುಖ ಮೆಲ್ಲಗೆ ಅರಳತೊಡಗಿದ್ದನ್ನು ನೋಡಿ ಅವನು ಕುರ್ಚಿಯಲ್ಲಿ ಹಿಂದಕ್ಕೆ ಸರಿದ. ಆ ಮುಖವನ್ನು ಅವನು ಬಲ್ಲ. ಹಿಂದೆ ಒಂದು ಆಸ್ಪತ್ರೆಯ ಖರೀದಿ ವಿಭಾಗದಲ್ಲಿ ಕೂತಿದ್ದ ಮನುಷ್ಯ. ವರ್ಷಾವಧಿ ಆರ್ಡರಿಗಾಗಿ ತಾನು ಇವರ ಮನೆಗೆ ಗೋಡೆ ಗಡಿಯಾರ ಹೊತ್ತುಕೊಂಡು ಹೋಗಿದ್ದ, ಬಣ್ಣ ಇಷ್ಟವಾಗಲಿಲ್ಲವೆಂದು ಇವರ ಹೆಂಡತಿ ಅದನ್ನು ಬಾಗಿಲಿನಲ್ಲೇ ವಾಪಸು ಕೊಟ್ಟಿದ್ದಳು, ಮರುದಿನ ಬೇರೆ ಬಣ್ಣದ್ದನ್ನು ಹೊತ್ತಿದ್ದ.

‘ಅಯ್ಯೋ! ನೀವು ಬ್ಯಾಗು ಅಲ್ವೇನ್ರೀ?’ ನಿರ್ದೇಶಕರು ಮೇಜು ತಟ್ಟಿ ನಕ್ಕರು. ‘ಗುರುತೇ ಸಿಗ್ಲಿಲ್ಲ ಮಾರಾಯ್ರೇ, ಕೈಯಲ್ಲಿ ಬ್ಯಾಗ್ ಇಲ್ವಲ್ಲ!’ ಅವಳ ಕಡೆ ತಿರುಗಿ, ‘ನಿಮಗೆ ಗೊತ್ತಿಲ್ವಾ ಮೇಡಂ? ನಮ್ಮಲ್ಲಿ ಎಲ್ಲರೂ ಇವರನ್ನ ಬ್ಯಾಗು ಅಂತಾನೇ ಕರೀತಿದ್ದಿದ್ದು. “ಸರ್, ಬ್ಯಾಗು ಬಂದಿದೆ” ಅಂತ ಹೇಳೋರು ಹೊರಗಿನ ಹುಡುಗೀರು. ಒಳ್ಳೆ ಮನುಷ್ಯ. ಎಷ್ಟೊತ್ತು ನಿಲ್ಲಿಸಿದ್ರೂ ಬೇಜಾರಿಲ್ಲ.’

ಅವನು ನಕ್ಕ. ನಗಬೇಕಾದ ಜಾಗದಲ್ಲಿ ನಗುವುದು ಅವನ ಕೆಲಸವೇ ಆಗಿತ್ತು, ಬಾಯಿ ತಾನಾಗಿ ಅಗಲವಾಯಿತು. ಅವಳು ನಗಲಿಲ್ಲ. ಅವಳು ತಿರುಗಿ ಅವನನ್ನು ನೋಡಿದಳು, ಮನೆಯಲ್ಲಿ ಬಹಳ ದಿನದಿಂದಿದ್ದ ಡಬ್ಬಿಯ ಮುಚ್ಚಳ ತೆಗೆದು ಇದರಲ್ಲಿ ಇದಿತ್ತೇ ಎಂದು ನೋಡುವ ಹಾಗೆ. ಅವಳ ಆ ನೋಟದಲ್ಲಿ ಕನಿಕರ ಇತ್ತೋ ಏನೋ, ಅವನು ಕನಿಕರವೆಂದೇ ತಿಳಿದು, ಅದಕ್ಕಾಗಿ ಅವಳನ್ನು ದ್ವೇಷಿಸಿದ.

ಮುಂದೆ ನಡೆದದ್ದೆಲ್ಲ ಸಲೀಸು. ನಿರ್ದೇಶಕರು ಕಾಫಿ ತರಿಸಿದರು. ‘ನೀವು ನಮ್ಮೋರೇ ಅಂದ್ಮೇಲೆ ಮುಚ್ಚುಮರೆ ಯಾಕೆ? ಲ್ಯಾಬಿಗೆ ಎರಡು ಬೊಂಬೆ ಬೇಕು, ಉಸಿರು ಕೊಡೋದು ಅಭ್ಯಾಸ ಮಾಡೋಕೆ. ನಿಮ್ಮ ಕಂಪನಿಯಿಂದ ಹೇಗಾದ್ರೂ ಮಾಡಿ ಕೊಡಿಸಿ, ಮೇಡಂ ಫೀಸು ಅರ್ಧಕ್ಕೆ ಇಳಿಸ್ತೀನಿ. ಹಾಜರಿ ಅದೂ ಇದೂ ಅಂತ ತಲೆ ಕೆಡಿಸ್ಕೋಬೇಡಿ, ವಾರಕ್ಕೆ ಎರಡು ದಿನ ಬಂದ್ರೆ ಸಾಕು. ಸರ್ಟಿಫಿಕೇಟು ನನ್ನ ಜವಾಬ್ದಾರಿ.’ ಅವಳು ಕೇಳಿದಳು, ‘ವಾರಕ್ಕೆ ಎರಡು ದಿನ ಬಂದ್ರೆ ಕಲಿಯೋದು ಯಾವಾಗ?’ ‘ಕಲಿಯೋದು ಕೆಲಸಕ್ಕೆ ಸೇರಿದ್ಮೇಲೆ ಇದ್ದೇ ಇದೆಯಲ್ಲ ಮೇಡಂ’ ಎಂದರು ನಿರ್ದೇಶಕರು, ಮಗುವಿಗೆ ಹೇಳುವ ಹಾಗೆ.

ಆ ಕಾಫಿ ಬಿಸಿಯಾಗಿತ್ತು, ಅದನ್ನು ಊದುತ್ತಾ ಕೂತವನಿಗೆ ಇನ್ನೊಂದು ಕಾಫಿ ನೆನಪಾಯಿತು. ನೆನಪಾಗದಿರಲಿ ಎಂದು ಅವನು ಎಷ್ಟು ದಿನದಿಂದ ಎಚ್ಚರವಹಿಸಿದ್ದ. ರೈಲಿನಲ್ಲಿ ಅರ್ಧ ದಿನದ ದಾರಿಯಲ್ಲಿರುವ ಸರ್ಕಾರಿ ಆಸ್ಪತ್ರೆ, ಹಳೆಯ ಕಲ್ಲಿನ ಕಟ್ಟಡ. ಅಲ್ಲಿಯ ಅರಿವಳಿಕೆ ವಿಭಾಗದ ಮುಖ್ಯಸ್ಥೆ, ನರೆತ ಕೂದಲನ್ನು ಹುಡುಗರಂತೆ ಗಿಡ್ಡ ಕತ್ತರಿಸಿಕೊಂಡ ಡಾಕ್ಟರಮ್ಮ, ಇಷ್ಟು ವರ್ಷಗಳಲ್ಲಿ ಅವನಿಗೆ ‘ಮೊದಲು ಕೂತ್ಕೊಳ್ಳಿ’ ಎಂದು ಕಾಫಿ ತರಿಸಿದ ಒಬ್ಬರೇ ಒಬ್ಬರು. ಅಸಿಸ್ಟೆಂಟುಗಳಿಗೆ ಅಲ್ಲೊಂದು ಕೋರ್ಸು ನಡೆಯುತ್ತಿತ್ತು. ಎರಡು ವರ್ಷ. ಫೀಸು ಇದ್ದೂ ಇಲ್ಲದ ಹಾಗೆ, ಎರಡನೇ ವರ್ಷ ಅವರೇ ಕೈಗಷ್ಟು ಕೊಡುತ್ತಿದ್ದರು, ಉಳಿಯಲು ಹಾಸ್ಟೆಲ್ಲು. ಮೊದಲ ತಿಂಗಳಿಂದಲೇ ಹುಡುಗರನ್ನು ಥಿಯೇಟರಿಗೆ ಕರೆದೊಯ್ದು ತಾವೇ ಪಕ್ಕದಲ್ಲಿ ನಿಂತು ಬೈದು ಕಲಿಸುತ್ತಿದ್ದರು. ‘ಲ್ಯಾಬಲ್ಲೋ ವಾರ್ಡಲ್ಲೋ ಕೆಲಸ ಮಾಡಿದವರು ಸಿಕ್ಕರೆ ನನಗೆ ಇಷ್ಟ. ವಯಸ್ಸಾಗಿದ್ರೂ ಪರವಾಗಿಲ್ಲ, ರೋಗಿ ಮುಟ್ಟೋಕೆ ಹೆದರಬಾರದು. ಯಾರಾದ್ರೂ ಇದ್ರೆ ಕಳಿಸಿಕೊಡಿ’ ಎಂದಿದ್ದರು. ‘ಖಂಡಿತ ಮೇಡಂ’ ಎಂದು ಇವನು ತಲೆಬಾಗಿದ್ದ. ಅದು ಅವಳು ಪಾತ್ರೆ ತೊಳೆಯುತ್ತಾ ಆ ಮಾತು ಹೇಳಿದ ಮೇಲಿನ ತಿಂಗಳು. ಮರುದಿನ ಮನೆಗೆ ಬಂದು ಶೂ ಬಿಚ್ಚುವಾಗ ಹೇಳುವವನೇ ಇದ್ದ. ಸಾಕ್ಸು ತೆಗೆದ ಮೇಲೆ ಹೇಳೋಣವೆಂದುಕೊಂಡ, ಆಮೇಲೆ ಊಟದ ಹೊತ್ತಿಗೆ, ಆಮೇಲೆ ಭಾನುವಾರ. ಎರಡು ವರ್ಷ ಮಗಳನ್ನು ಯಾರು ನೋಡಿಕೊಳ್ಳುವುದು ಎಂದು ತನಗೆ ತಾನೇ ಕಾರಣ ಕೊಟ್ಟುಕೊಂಡ. ಕಾರಣ ಅದಲ್ಲವೆಂದು ಅವನಿಗೆ ಗೊತ್ತಿತ್ತು. ಮುಂದೊಂದು ದಿನ ಅವಳು ಹಸಿರು ಟೋಪಿ ಹಾಕಿಕೊಂಡು ಆ ಕೆಂಪು ಗೆರೆ ದಾಟಿ ಒಳಗೆ ಹೋಗುತ್ತಾಳೆ, ತಾನು ಹೊರಗೆ ಗೋಡೆಗೊರಗಿ ನಿಂತಿರುತ್ತೇನೆ, ಯಾರೋ ಒಳಗೆ ಹೋಗಿ ಅವಳಿಗೆ ಹೇಳುತ್ತಾರೆ. ಏನೆಂದು ಹೇಳುತ್ತಾರೆ ಎಂಬುದನ್ನು ಅವನು ಮುಂದಕ್ಕೆ ಕಲ್ಪಿಸಿಕೊಳ್ಳುತ್ತಿರಲಿಲ್ಲ.

‘ಲ್ಯಾಬ್ ನೋಡ್ಬಹುದಾ?’ ಎಂದು ಅವಳು ಎದ್ದಳು. ನಿರ್ದೇಶಕರು ಟ್ಯೂಟರನ್ನು ಕೂಗಿ ಅವರ ಜೊತೆ ಕಳಿಸಿ, ತಾವು ಫೋನು ಎತ್ತಿಕೊಂಡರು.

ಟ್ಯೂಟರ್ ಎಂದರೆ ಇನ್ನೂ ಇಪ್ಪತ್ತೈದು ತುಂಬದ ಹುಡುಗಿ, ಮೂಗಿನ ಮೇಲೆ ಜಾರುವ ಕನ್ನಡಕ. ಲ್ಯಾಬಿನಲ್ಲಿ ಒಂದು ಕಬ್ಬಿಣದ ಮಂಚ, ಮೇಲೆ ಎದೆಯ ತನಕ ಮಾತ್ರ ಇದ್ದ ರಬ್ಬರಿನ ಬೊಂಬೆ, ಗೋಡೆಗೆ ಒರಗಿಸಿದ್ದ ಒಂದು ಹಳೆಯ ಯಂತ್ರ. ಯಂತ್ರದ ಒಂದು ಗಾಲಿಯಿರಬೇಕಾದಲ್ಲಿ ಇಟ್ಟಿಗೆ ಇಟ್ಟಿದ್ದರು. ‘ಮ್ಯೂಸಿಯಂ’ ಎಂದ ಅವನು, ಅವಳಿಗಷ್ಟೇ ಕೇಳುವಂತೆ. ಅವಳು ಬೊಂಬೆಯ ತಲೆಯ ಹತ್ತಿರ ಹೋಗಿ ನಿಂತಳು. ‘ನಾನೊಂದ್ಸಲ ಹಿಡಿದು ನೋಡ್ಲಾ? ನನ್ನ ಕೈಗೆ ಬರುತ್ತೋ ಇಲ್ವೋ ಗೊತ್ತಾಗಲಿ.’

‘ಬೊಂಬೆ ದವಡೆ ಮುರಿದಿದೆ ಮೇಡಂ, ಪ್ಲಾಸ್ಟರ್ ಸುತ್ತಿಟ್ಟಿದೀವಿ’ ಎಂದಳು ಹುಡುಗಿ ನಾಚಿಕೆಯಿಂದ. ಆಮೇಲೆ ಅವನ ಕಡೆ ನೋಡಿ, ‘ಸರ್, ನೀವೇ ಸ್ವಲ್ಪ ಮಲಗ್ತೀರಾ? ಏನೂ ಆಗಲ್ಲ, ಬರೀ ಹಿಡಿಯೋದು ತೋರಿಸ್ತೀನಿ.’

ಇಲ್ಲವೆನ್ನಲು ಅವನಿಗೆ ಒಂದು ಕಾರಣವೂ ಹೊಳೆಯಲಿಲ್ಲ. ಶೂ ಬಿಚ್ಚಿದ. ಎಡಗಾಲಿನ ಸಾಕ್ಸಿನ ತೂತಿನಿಂದ ಹೆಬ್ಬೆರಳು ಇಣುಕಿದ್ದನ್ನು ಟ್ಯೂಟರ್ ಹುಡುಗಿ ನೋಡಿ ನೋಡದವಳಂತೆ ಮುಖ ತಿರುಗಿಸಿದಳು. ಕಬ್ಬಿಣದ ಮಂಚ ತಣ್ಣಗಿತ್ತು. ಮೇಲೆ ಛಾವಣಿಯಲ್ಲಿ ನೀರು ಇಳಿದ ಕಲೆ. ಎಷ್ಟೋ ಸಾವಿರ ಮಾಸ್ಕು ಮಾರಿದ್ದವನು ಒಂದು ಸಲವೂ ಹೀಗೆ ಮಲಗಿರಲಿಲ್ಲವಲ್ಲ ಎಂಬ ಯೋಚನೆ ಬಂತು, ಅದರ ಹಿಂದೆಯೇ ಅವಳ ಮುಖ ತಲೆಯ ಕಡೆಯಿಂದ ಬಾಗಿ ಬಂತು. ತಲೆಕೆಳಗಾದ ಮುಖ. ಬಾಯಿಯಿರಬೇಕಾದಲ್ಲಿ ಕಣ್ಣು, ಕಣ್ಣಿರಬೇಕಾದಲ್ಲಿ ಬಾಯಿ. ಹನ್ನೆರಡು ವರ್ಷ ದಿನವೂ ನೋಡಿದ ಮುಖದಲ್ಲಿ ಅವನಿಗೆ ಏನೂ ಗುರುತು ಸಿಗಲಿಲ್ಲ.

‘ನಿದ್ದೆ ಹೋದ ತಕ್ಷಣ ನಾಲಿಗೆ ಹಿಂದಕ್ಕೆ ಬೀಳುತ್ತೆ ಮೇಡಂ, ಉಸಿರಿನ ದಾರಿ ಮುಚ್ಚುತ್ತೆ. ಈ ಮೂಲೆ ಇದೆಯಲ್ಲ, ಕಿವಿ ಕೆಳಗೆ? ಇಲ್ಲಿ ಬೆರಳಿಟ್ಟು ದವಡೇನ ಮುಂದಕ್ಕೆ ಎತ್ತಬೇಕು. ಮೂಳೆ ಮೇಲೆ ಮಾತ್ರ. ಕತ್ತಿನ ಮೆತ್ತನೆ ಜಾಗ ಅದುಮಬಾರದು.’

ಅವಳ ಬೆರಳುಗಳು ದವಡೆಯ ಮೂಲೆಯನ್ನು ಹುಡುಕಿ ಕೂತವು. ನೋಯಿತು. ‘ಸಡಿಲ ಬಿಡಿ’ ಎಂದಳು ಅವಳು. ಅವನು ಸಡಿಲ ಬಿಟ್ಟೇ ಇದ್ದೇನೆಂದುಕೊಂಡಿದ್ದ. ‘ಸರ್ ಬಿಗಿ ಹಿಡ್ಕೊಂಡಿದಾರೆ, ಎಚ್ಚರ ಇರೋರು ಹಾಗೇ’ ಎಂದು ಟ್ಯೂಟರ್ ನಕ್ಕಳು. ‘ಕಾಯಿರಿ, ಅವರೇ ಬಿಡ್ತಾರೆ.’ ಅವಳು ಕಾದಳು. ರಕ್ತ ತೆಗೆಯುವಾಗ ನರ ಸಿಗುವ ತನಕ ಕಾಯುತ್ತಿದ್ದವಳಿಗೆ ಕಾಯುವುದು ಕಷ್ಟವಾಗಲಿಲ್ಲ. ಕೊನೆಗೆ ಅವನ ದವಡೆ ಅವನನ್ನು ಕೇಳದೆಯೇ ಸೋತು ಅವಳ ಕೈಗೆ ಬಂತು, ಮೇಲಕ್ಕೆ ಎತ್ತಲ್ಪಟ್ಟಿತು. ಟ್ಯೂಟರ್ ಮಾಸ್ಕು ತಂದು ಅವನ ಮೂಗು ಬಾಯಿಯ ಮೇಲಿಟ್ಟು, ಅವಳ ಎಡಗೈಯ ಹೆಬ್ಬೆರಳು ತೋರುಬೆರಳನ್ನು ಅದರ ಮೇಲೆ ಕೂರಿಸಿದಳು. ಅವನದೇ ಕಂಪನಿಯ ಮಾಸ್ಕು, ಎಲ್ಲಕ್ಕಿಂತ ಅಗ್ಗದ್ದು. ‘ಮುಖಕ್ಕೆ ಹೂವಿನ ಹಾಗೆ ಕೂರುತ್ತೆ ಸರ್’ ಎಂದು ಹೇಳಿ ಮಾರುತ್ತಿದ್ದ. ಒಳಗೆ ಸೈಕಲ್ ಟ್ಯೂಬಿನ ವಾಸನೆಯಿತ್ತು, ಅಂಚು ಕೆನ್ನೆಯ ಮೂಳೆಗೆ ಒತ್ತುತ್ತಿತ್ತು.

‘ಚೆನ್ನಾಗಿ ಹಿಡಿದಿದೀರಿ ಮೇಡಂ. ನಿಜವಾಗ್ಲೂ. ನಮ್ಮ ಹುಡುಗರಿಗೆ ಒಂದು ತಿಂಗಳಾದ್ರೂ ಇದು ಬರಲ್ಲ.’

ಅವಳ ಕೈ ಹಾಗೆಯೇ ಇತ್ತು. ‘ಒಂದು ಮಾತು ಕೇಳ್ಲಾ?’ ಎಂದಳು ಟ್ಯೂಟರಿಗೆ. ‘ಬೇಜಾರು ಮಾಡ್ಕೋಬೇಡಿ. ನಿಮ್ಮ ಸ್ವಂತ ಅಕ್ಕ ಇದನ್ನ ಕಲೀಬೇಕು ಅಂತ ಬಂದ್ರೆ, ಕೈಯಲ್ಲಿ ಜಾಸ್ತಿ ದುಡ್ಡಿಲ್ಲ ಅಂದ್ರೆ, ಎಲ್ಲಿಗೆ ಕಳಿಸ್ತೀರಿ?’

ಹುಡುಗಿ ಬಾಗಿಲ ಕಡೆ ನೋಡಿದಳು. ದನಿ ತಗ್ಗಿಸಿದಳು. ಆ ಕಲ್ಲಿನ ಕಟ್ಟಡದ ಆಸ್ಪತ್ರೆಯ ಹೆಸರು ಹೇಳಿದಳು. ‘ನಾನು ಕಲಿತಿದ್ದು ಅಲ್ಲೇ. ಅಲ್ಲಿನ ಮೇಡಂ ತುಂಬಾ ಬೈತಾರೆ, ಆದ್ರೆ ಕೈ ಹಿಡಿದು ಕಲಿಸ್ತಾರೆ. ಫೀಸು ಏನೂ ಇಲ್ಲ ಅಂತಾನೇ ಅಂದ್ಕೊಳ್ಳಿ. ಅಪ್ಪನಿಗೆ ಹುಷಾರಿಲ್ಲ ಅಂತ ನಾನು ಈ ಊರಿಗೆ ಬಂದೆ, ಇಲ್ದಿದ್ರೆ ಇಲ್ಲಿಗೆ...’ ಅಷ್ಟಕ್ಕೆ ನಿಲ್ಲಿಸಿ, ಇನ್ನೇನೋ ಹೊಳೆದವಳಂತೆ, ‘ಅಲ್ಲಾ, ಸರ್‌ಗೆ ಗೊತ್ತಿರ್ಬೇಕಲ್ಲ! ಆಗಿಂದ ಎಲ್ಲೋ ನೋಡಿದೀನಿ ಅಂತ ಅನ್ನಿಸ್ತಾನೇ ಇತ್ತು. ನೀವು ಮೇಡಂ ಹತ್ರ ಬರ್ತಿದ್ರಿ ಅಲ್ವಾ ಸರ್? ಯಾರಾದ್ರೂ ಇದ್ರೆ ಕಳಿಸಿ ಅಂತ ಎಲ್ಲರಿಗೂ ಹೇಳ್ತಿರ್ತಾರೆ ಅವರು’ ಎಂದಳು.

ಅವನು ಮಾತಾಡಲಾರ. ಬಾಯಿಯ ಮೇಲೆ ಮಾಸ್ಕು, ದವಡೆ ಅವಳ ಕೈಯಲ್ಲಿ. ಗಂಟಲಿನಲ್ಲಿ ಒಂದು ಸದ್ದು ಹೊರಟಿತು, ಅದು ಹೌದೂ ಆಗಿರಲಿಲ್ಲ, ಇಲ್ಲವೂ ಆಗಿರಲಿಲ್ಲ. ಮಾಸ್ಕಿನ ಒಳಗೆ ಮಂಜು ಕಟ್ಟಿತು. ಅವನು ಅವಳ ಬೆರಳುಗಳಿಗಾಗಿ ಕಾದ. ಅವು ಬಿಗಿಯಾಗಬಹುದು, ಉಗುರು ಊರಬಹುದು, ಇಲ್ಲವೇ ಸೋತು ಸಡಿಲವಾಗಬಹುದು. ಯಾವುದಾದರೂ ಆಗಲಿ ಎಂದು ಬೇಡಿಕೊಂಡ. ಬೆರಳು ಕದಲಲಿಲ್ಲ. ಎಷ್ಟು ಬೇಕೋ ಅಷ್ಟೇ ಒತ್ತಡ, ಮೂಳೆಯ ಮೇಲೆ ಮಾತ್ರ. ತಲೆಕೆಳಗಾದ ಮುಖ ಅವನನ್ನು ನೋಡುತ್ತಲೇ ಇತ್ತು. ಅವನ ಕಣ್ಣನ್ನಲ್ಲ, ಎದೆಯನ್ನು, ಉಸಿರು ಸರಿಯಾಗಿ ಏರಿಳಿಯುತ್ತಿದೆಯೇ ಎಂದು.

ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಅವಳು ಕಿಟಕಿಯ ಪಕ್ಕ. ಅವನು ಮಾತುಗಳನ್ನು ಜೋಡಿಸುತ್ತಿದ್ದ. ಮರೆತಿತ್ತು ಎನ್ನಬಹುದು. ಅಲ್ಲಿ ಸೀಟು ಸಿಗುವುದು ಕಷ್ಟ, ಸುಮ್ಮನೆ ಆಸೆ ಹುಟ್ಟಿಸುವುದು ಬೇಡವೆಂದು ಹೇಳಲಿಲ್ಲ ಎನ್ನಬಹುದು. ಆ ಟ್ಯೂಟರಿಗೆ ಏನು ಗೊತ್ತು, ಅಷ್ಟು ಒಳ್ಳೆಯ ಕಡೆ ಕಲಿತವಳು ಇಟ್ಟಿಗೆ ಇಟ್ಟ ಯಂತ್ರದ ಮುಂದೆ ಯಾಕೆ ನಿಂತಿದ್ದಾಳೆ ಎನ್ನಬಹುದು. ಈ ಕೊನೆಯದು ಅವನಿಗೆ ಹಿಡಿಸಿತು, ಅದರಲ್ಲಿ ಒಂದು ಮೊನೆ ಇತ್ತು. ಅವಳು ಕೇಳಲಿ ಎಂದು ಕಾದ. ಒಂದು ನಿಲ್ದಾಣ ಹೋಯಿತು, ಇನ್ನೊಂದು ಹೋಯಿತು. ಶ್ವಾಸಕೋಶಕ್ಕೆ ಪೆನ್ನು ಚುಚ್ಚಿದ್ದನ್ನು ಹೇಳಿದ. ಅವಳು ‘ಹೂಂ, ನೋಡಿದೆ’ ಎಂದಳು. ಆಮೇಲೆ ಚೀಲದಿಂದ ಫೋನು ತೆಗೆದು, ಟ್ಯೂಟರ್ ಕೊಟ್ಟಿದ್ದ ನಂಬರಿಗೆ ಮಾಡಿ, ಬಸ್ಸಿನ ಗದ್ದಲಕ್ಕೆ ಒಂದು ಕಿವಿ ಮುಚ್ಚಿಕೊಂಡು ಗಟ್ಟಿಯಾಗಿ ಮಾತಾಡತೊಡಗಿದಳು.

‘ಹಲೋ, ಅನಸ್ತೇಶಿಯಾ ವಿಭಾಗನಾ? ಅಸಿಸ್ಟೆಂಟ್ ಕೋರ್ಸ್ ಬಗ್ಗೆ ಕೇಳೋಕೆ... ಹೌದು, ನನಗೇ. ಬಿಎಸ್ಸಿ ಆಗಿದೆ. ಲ್ಯಾಬಲ್ಲಿ ಕೆಲಸ, ಹತ್ತು ವರ್ಷದ ಮೇಲಾಯ್ತು... ಸೋಮವಾರ ಬರಬಹುದಾ? ಬರ್ತೀನಿ. ಒರಿಜಿನಲ್ ಎಲ್ಲ ತರ್ತೀನಿ.’ ಆ ಕಡೆಯವರು ಏನೋ ಕೇಳಿದರು. ಮುಂದಿನ ಸೀಟಿನವನು ತಿರುಗಿ ನೋಡಿದ. ‘ಪರಿಚಯನಾ? ಆಸ್ಪತ್ರೆ ಕಡೆ?’ ಎಂದು ಫೋನಿನಲ್ಲಿ ಕೇಳಿದ್ದನ್ನೇ ಅವಳು ಮತ್ತೆ ಹೇಳಿದಳು. ಅವಳು ಒಂದು ಕ್ಷಣವೂ ಯೋಚಿಸಲಿಲ್ಲ. ‘ಇಲ್ಲ. ನಮ್ಮನೇಲಿ ಅಂಥೋರು ಯಾರೂ ಇಲ್ಲ.’

ಮೊದಲು ಅವನಿಗೆ ಎದೆ ಹಗುರಾಯಿತು. ತನ್ನ ಹೆಸರು ಬರಲಿಲ್ಲ, ಡಾಕ್ಟರಮ್ಮನಿಗೆ ಗೊತ್ತಾಗುವುದಿಲ್ಲ. ಹಗುರಾದ ಎದೆಯನ್ನು ಅನುಭವಿಸುವ ಮೊದಲೇ ಅದರ ಅರ್ಥ ಇಳಿಯಿತು. ತಾನು ಪಕ್ಕದಲ್ಲಿ ಕೂತಿದ್ದಾಗ, ತನ್ನ ಮೊಣಕೈ ಅವಳ ಮೊಣಕೈಗೆ ತಾಗುತ್ತಿದ್ದಾಗ, ಅವಳು ತನ್ನನ್ನು ಲೆಕ್ಕದಿಂದ ತೆಗೆದಿದ್ದಳು, ಸಿಟ್ಟಿನಿಂದಲ್ಲ, ಸುಮ್ಮನೆ ನಿಜವೆಂಬಂತೆ.

‘ಸೋಮವಾರ ಹೋಗಿ ಬರ್ತೀನಿ. ಮಗಳನ್ನ ಶಾಲೆಗೆ ನೀವು ಬಿಡ್ಬೇಕು’ ಎಂದಳು.

‘ನಾನೂ ಬರ್ತೀನಿ. ಮೇಡಂಗೆ ಒಂದು ಮಾತು ಹೇಳಿದ್ರೆ...’

‘ಬೇಡ.’

‘ಅಲ್ವೇ, ಆ ಹಾಸ್ಟೆಲ್ಲಲ್ಲಿ ನಿನ್ನ ಕೈಲಿ ಇರೋಕಾಗಲ್ಲ. ಒಂದೇ ಕೋಣೇಲಿ ಆರು ಜನ, ಬಿಸಿನೀರಿಲ್ಲ, ಹಿಂದುಗಡೆ ಬಟ್ಟೆ ಒಗೆಯೋ ಕಲ್ಲು. ನೀನು...’

‘ಹಾಸ್ಟೆಲ್ ಇದೆ ಅಂತ ಆ ಹುಡುಗಿ ಹೇಳ್ಲೇ ಇಲ್ವಲ್ಲ,’ ಎಂದಳು ಅವಳು. ದನಿಯಲ್ಲಿ ಏನೂ ಇರಲಿಲ್ಲ. ‘ಎಲ್ಲಿ ಇರಬೇಕು ಅಂತ ನಾನೇ ಈಗ ಯೋಚನೆ ಮಾಡ್ತಿದ್ದೆ.’

ಅವಳು ಕಿಟಕಿಯ ಕಡೆ ತಿರುಗಿದಳು. ಇಷ್ಟು ಹೊತ್ತೂ ಅವಳಿಗೆ ಖಚಿತವಿರಲಿಲ್ಲ, ಟ್ಯೂಟರ್ ಬೇರೆ ಯಾರನ್ನೋ ನೋಡಿರಬಹುದೆಂದು ನಂಬಲು ಒಂದು ದಾರಿ ಇಟ್ಟುಕೊಂಡಿದ್ದಳು, ಹಾಸ್ಟೆಲ್ಲಿನ ಮಾತೆತ್ತಿ ತಾನೇ ಅದನ್ನು ಮುಚ್ಚಿದೆ ಎಂದು ಅವನಿಗೆ ಹೊಳೆಯಿತು. ಮನೆ ಬರುವ ತನಕ ಅವನು ಬಸ್ಸಿನಲ್ಲಿದ್ದವರನ್ನು ಒಬ್ಬೊಬ್ಬರಾಗಿ ನೋಡುತ್ತಾ ಹೋದ: ಬಾಯಿ ತೆರೆದು ನಿದ್ದೆ ಮಾಡುವ ಗುಮಾಸ್ತ, ಚಿಲ್ಲರೆಗಾಗಿ ಕಂಡಕ್ಟರನ ಜೊತೆ ಜಗಳಕ್ಕಿಳಿದ ಹೆಂಗಸು. ಹೀನಾಯವೆನಿಸುವಂಥದ್ದು ಅವರಲ್ಲಿ ಬೇಕಾದಷ್ಟಿತ್ತು. ಅದೇಕೋ ಇವತ್ತು ಅದು ಯಾವುದೂ ಕೈಗೆ ಹತ್ತಲಿಲ್ಲ.

ಅವಳಿಗೆ ಸೀಟು ಸಿಕ್ಕಿತು. ಮನೆಯಲ್ಲಿ ಜಗಳವಾಗಲಿಲ್ಲ. ಅವನು ಜಗಳಕ್ಕೆ ಸಿದ್ಧನಾಗಿದ್ದ. ಅವಳು ಕೂಗಾಡಿದ್ದರೆ ಅವಳ ಕೂಗಾಟದಲ್ಲಿ ಏನಾದರೂ ಒಂದು ತಪ್ಪು ಹಿಡಿದು ಅಲ್ಲಿಂದ ಮೇಲೆ ಹತ್ತಬಹುದಿತ್ತು. ಅವಳು ಮಗಳಿಗೆ ಜಡೆ ಹಾಕಿಕೊಳ್ಳುವುದನ್ನು ಕಲಿಸಿದಳು, ಗ್ಯಾಸಿನವನ ನಂಬರು ಎಲ್ಲಿದೆ ಎಂದು ಅವನಿಗೆ ತೋರಿಸಿದಳು, ಲ್ಯಾಬಿನ ಕೆಲಸಕ್ಕೆ ರಾಜೀನಾಮೆ ಕೊಟ್ಟು ಬಂದಳು. ಅವನೊಡನೆ ಬೇಕಾದಷ್ಟು ಮಾತಾಡುತ್ತಿದ್ದಳು. ಆ ಒಂದು ಮಾತು ಮಾತ್ರ ಆಡಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಅತ್ತೆ ಬಂದರು, ಎರಡು ವರ್ಷ ಮೊಮ್ಮಗಳನ್ನು ನೋಡಿಕೊಳ್ಳಲು. ಅವನ ಅತ್ತೆ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು; ಮಗಳನ್ನು ಇವನಿಗೆ ಕೊಟ್ಟದ್ದು ತಮ್ಮ ಬುದ್ಧಿ ಮಂಕಾಗಿದ್ದ ಗಳಿಗೆಯಲ್ಲಿ ಎಂಬುದನ್ನು ಬಾಯಲ್ಲಿ ಹೇಳದೆ, ಮದುವೆಯಾದಂದಿನಿಂದ ಅವನನ್ನು ‘ಏನು, ಕೆಲಸ ಎಲ್ಲ ಹೇಗಿದೆ’ ಎಂದು ಮಾತ್ರ ಕೇಳುತ್ತಾ ಬಂದವರು. ಉತ್ತರ ಕೇಳಿಸಿಕೊಳ್ಳುವ ಮೊದಲೇ ಬೇರೆ ಕಡೆ ನೋಡುತ್ತಿದ್ದರು. ಇವತ್ತು ಅವರು ಸೀದಾ ಅವನ ಹತ್ತಿರ ಬಂದರು. ಅವನು ಕುರ್ಚಿಯಿಂದ ಎದ್ದ.

‘ಕೂತ್ಕೊಳ್ಳಿ ಕೂತ್ಕೊಳ್ಳಿ’ ಎಂದರು ಅತ್ತೆ. ಅವರ ಕಣ್ಣು ತೇವವಾಗಿತ್ತು. ‘ಇವಳು ಎಲ್ಲ ಹೇಳಿದ್ಳು. ಎಷ್ಟು ತಿಂಗಳು ರಜಾ ದಿನ ಎಲ್ಲ ಬಿಟ್ಟು ಇವಳ ಜೊತೆ ಅಲೆದ್ರಂತೆ. ಕಂಡ ಕಂಡ ಕಡೆ ದುಡ್ಡು ಸುರಿಯೋದು ಬೇಡ ಅಂತ ಒಂದೊಂದನ್ನೂ ಕೇಳಿ, ವಿಚಾರಿಸಿ, ಕೊನೆಗೆ ಇಷ್ಟು ಒಳ್ಳೆ ಜಾಗ ನೀವೇ ಹುಡುಕಿ ಕೊಟ್ರಂತೆ. ಯಾವ ಗಂಡಸು ಮಾಡ್ತಾನೆ ಇದನ್ನ? ನಿಮ್ಮನ್ನ ನಾನು ಸರಿಯಾಗಿ ತಿಳ್ಕೊಂಡಿರ್ಲಿಲ್ಲಪ್ಪ.’

ಅವನು ಅವಳನ್ನು ನೋಡಿದ. ಅವಳು ನೆಲದ ಮೇಲೆ ಕೂತು ಸೂಟ್‌ಕೇಸಿಗೆ ಬಟ್ಟೆ ಜೋಡಿಸುತ್ತಿದ್ದಳು, ಬೆನ್ನು ಅವನ ಕಡೆಗಿತ್ತು. ಮಡಚಿದ ಸೀರೆಯೊಂದನ್ನು ಅಂಗೈಯಿಂದ ಒತ್ತಿ ಗಾಳಿ ತೆಗೆಯುತ್ತಿದ್ದಳು. ಇದು ಕರುಣೆಯೋ, ಅಥವಾ ಇಷ್ಟು ವರ್ಷ ಅವನು ಜಗತ್ತಿನ ಮೇಲೆಲ್ಲ ಚೆಲ್ಲಿದ್ದ ಅದೇ ತಾತ್ಸಾರ ಇನ್ನೊಂದು ಕೈಯಿಂದ ಇಷ್ಟು ಸದ್ದಿಲ್ಲದೆ ವಾಪಸು ಬಂದದ್ದೋ, ಆ ಬೆನ್ನನ್ನು ನೋಡಿ ಹೇಳುವುದು ಸಾಧ್ಯವಿರಲಿಲ್ಲ. ಇಲ್ಲ ಅತ್ತೆ, ನಾನಲ್ಲ ಎಂದು ಹೇಳಬೇಕು. ಮೂರೇ ಮಾತು. ಅವು ನಾಲಿಗೆಯ ತುದಿಗೆ ಬಂದವು. ಅವಳ ಕೈ ಸೀರೆಯ ಮೇಲೆ ಹಾಗೇ ನಿಂತಿತು. ಅವಳು ಕೇಳಿಸಿಕೊಳ್ಳುತ್ತಿದ್ದಳು.

‘ಹೌದತ್ತೆ,’ ಎಂದ ಅವನು. ‘ಸ್ವಲ್ಪ ಓಡಾಡಬೇಕಾಯ್ತು.’

ಅವಳು ಸೂಟ್‌ಕೇಸು ಮುಚ್ಚಿ ಜಿಪ್ಪು ಎಳೆದಳು.